ಬೇಡದ ಕೀಗೆ ಬೀಗ: ಕೀಬೋರ್ಡ್ ರೀಮ್ಯಾಪ್ ಮಾಡುವ ಸಮಗ್ರ ಮಾರ್ಗದರ್ಶಿ

ನನ್ನ ಹಳೆಯ ಲ್ಯಾಪ್‌ಟಾಪಿನ 6ರ ಕೀ ಒಂದು ದಿನ ತಾನೇ ತಾನಾಗಿ ಒತ್ತಿಕೊಳ್ಳಲು ಶುರು ಮಾಡಿತು. ಬರೆಯುತ್ತಿದ್ದ ವಾಕ್ಯದ ನಡುವೆ 666666 ಎಂದು ಉದ್ದಕ್ಕೆ ಬೀಳುತ್ತಿತ್ತು. ಅಳಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಸಾಲು. ಕೀಯ ಮೇಲಿನ ಮುಚ್ಚಳ ತೆಗೆದು ಊದಿದೆ, ಒರೆಸಿದೆ, ಬೆರಳಿನಿಂದ ಎರಡು ಸಲ ತಟ್ಟಿಯೂ ನೋಡಿದೆ. ಜಗ್ಗಲಿಲ್ಲ. ಕೊನೆಗೆ ಕೀಗಳನ್ನು ನಿಷ್ಕ್ರಿಯ ಮಾಡುವ ಒಂದು ತಂತ್ರಾಂಶ ಹಾಕಿಕೊಂಡು, 6 ಅನ್ನು ಆಫ್ ಮಾಡಿ, ಗೆದ್ದೆ ಎಂದುಕೊಂಡು ಮಲಗಿದೆ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಪಾಸ್‌ವರ್ಡ್ ಪೆಟ್ಟಿಗೆಯೊಳಗೆ ಕಪ್ಪು ಚುಕ್ಕಿಗಳು ಸಾಲುಗಟ್ಟಿ ಓಡುತ್ತಿದ್ದವು. ತಂತ್ರಾಂಶ ಇನ್ನೂ ಎದ್ದಿರಲಿಲ್ಲ, 6 ಎದ್ದಿತ್ತು.

ಒಂದು ಕೀ ಬೇರೆ ಕೆಲಸ ಮಾಡುವಂತೆ ಅಥವಾ ಸುಮ್ಮನಿರುವಂತೆ ಮಾಡುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಕೀಬೋರ್ಡ್ ರೀಮ್ಯಾಪ್ ಎಂದು ಹುಡುಕಿದರೆ ತಂತ್ರಾಂಶಗಳ ಪಟ್ಟಿ ಬೇಕಾದಷ್ಟು ಸಿಗುತ್ತದೆ. ಆದರೆ ಯಾವ ತಂತ್ರಾಂಶ ಎಂದು ಕೇಳುವ ಮೊದಲು, ಕೀಯನ್ನು ಎಲ್ಲಿ ತಡೆಯಬೇಕು ಎಂದು ಕೇಳಿಕೊಳ್ಳಬೇಕು. ಅದು ಗೊತ್ತಾದರೆ ತಂತ್ರಾಂಶ ತಾನಾಗಿಯೇ ನಿರ್ಧಾರವಾಗುತ್ತದೆ.

ಒಂದು ಕೀ ಒತ್ತಿದಾಗ ನಡೆಯುವುದು

ನೀವು ಒಂದು ಕೀ ಒತ್ತಿದಾಗ ಕೀಬೋರ್ಡಿನೊಳಗಿನ ಚಿಪ್ ಅದನ್ನು ಗಮನಿಸಿ ಕಂಪ್ಯೂಟರಿಗೆ ಒಂದು ಸಂಖ್ಯೆ ಕಳಿಸುತ್ತದೆ. ಅದು ಅಕ್ಷರವಲ್ಲ, ಕೀ ಇರುವ ಜಾಗದ ಗುರುತು. ಆ ಸಂಖ್ಯೆಯನ್ನು ಆಪರೇಟಿಂಗ್ ಸಿಸ್ಟಮ್ಮಿನ ಡ್ರೈವರ್ ತೆಗೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಸಂಖ್ಯೆಗೆ ಸ್ಕ್ಯಾನ್‌ಕೋಡ್ ಎನ್ನುತ್ತಾರೆ. ಆಮೇಲೆ ನೀವು ಆರಿಸಿಕೊಂಡ ಭಾಷೆಯ ಲೇಔಟ್ ಅದನ್ನು ಅಕ್ಷರವಾಗಿ ಬದಲಿಸುತ್ತದೆ. ಒಂದೇ ಕೀ ಇಂಗ್ಲಿಷ್ ಲೇಔಟ್‌ನಲ್ಲಿ ಒಂದು ಅಕ್ಷರ, ಕನ್ನಡ ಲೇಔಟ್‌ನಲ್ಲಿ ಇನ್ನೊಂದು ಅಕ್ಷರ ಕೊಡುವುದು ಇದರಿಂದಲೇ. ಕೊನೆಗೆ ಅದು ನೀವು ತೆರೆದಿಟ್ಟ ತಂತ್ರಾಂಶಕ್ಕೆ ತಲುಪುತ್ತದೆ.

ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಅಡ್ಡ ನಿಲ್ಲಬಹುದು. ಕೀಬೋರ್ಡಿನೊಳಗೇ ತಡೆದರೆ ಆ ಬದಲಾವಣೆ ಕೀಬೋರ್ಡಿನ ಜೊತೆಗೇ ಹೋಗುತ್ತದೆ, ಯಾವ ಕಂಪ್ಯೂಟರಿಗೆ ಚುಚ್ಚಿದರೂ ಹಾಗೆಯೇ ಇರುತ್ತದೆ. ಡ್ರೈವರ್ ಮಟ್ಟದಲ್ಲಿ ತಡೆದರೆ ಪಾಸ್‌ವರ್ಡ್ ಪರದೆಯಲ್ಲೂ ಜಾರಿಯಲ್ಲಿರುತ್ತದೆ. ಹಿನ್ನೆಲೆಯಲ್ಲಿ ಓಡುವ ತಂತ್ರಾಂಶದಿಂದ ತಡೆದರೆ ಬದಲಿಸುವುದು ಸುಲಭ, ಆದರೆ ಆ ತಂತ್ರಾಂಶ ಓಡುತ್ತಿರುವಷ್ಟು ಹೊತ್ತು ಮಾತ್ರ. ನನ್ನ 6ಕ್ಕೆ ನಾನು ಆರಿಸಿದ್ದು ಈ ಮೂರನೆಯದು, ಬೇಕಾಗಿದ್ದದ್ದು ಎರಡನೆಯದು.

ಮೊದಲು ಖಾತ್ರಿ ಮಾಡಿಕೊಳ್ಳಿ: ತಪ್ಪು ಕೀಯದ್ದೇನಾ?

ಎಷ್ಟೋ ಸಲ ಕೀಯನ್ನು ಮುಟ್ಟಬೇಕಾಗಿಯೇ ಇರುವುದಿಲ್ಲ, ಒಂದು ಸೆಟ್ಟಿಂಗ್ ಆಫ್ ಮಾಡಿದರೆ ಸಾಕು.

ಆಟವಾಡುವಾಗ ಶಿಫ್ಟ್ ಒತ್ತುತ್ತಿದ್ದರೆ ನಡುವೆ ಒಂದು ಕಿಟಕಿ ತೆರೆದುಕೊಳ್ಳುತ್ತದೆಯೇ? ಅದು ಸ್ಟಿಕ್ಕಿ ಕೀಸ್. ಶಿಫ್ಟ್ ಅನ್ನು ಐದು ಸಲ ಒತ್ತಿದರೆ ಏಳುತ್ತದೆ. ಬಲಗಡೆಯ ಶಿಫ್ಟ್ ಅನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಏಳುವುದು ಫಿಲ್ಟರ್ ಕೀಸ್. ಅದು ಗೊತ್ತಿಲ್ಲದೆ ಆನ್ ಆದರೆ ಕೀಬೋರ್ಡೇ ಕೆಟ್ಟಿದೆ ಅನ್ನಿಸುವಷ್ಟು ನಿಧಾನವಾಗುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ → ಆಕ್ಸೆಸಿಬಿಲಿಟಿ → ಕೀಬೋರ್ಡ್‌ಗೆ ಹೋಗಿ ಇವೆರಡರ ಶಾರ್ಟ್‌ಕಟ್‌ಗಳನ್ನು ಆಫ್ ಮಾಡಿ. ಮುಗಿಯಿತು.

ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಸೆಲ್‌ನಿಂದ ಸೆಲ್‌ಗೆ ಹೋಗದೆ ಇಡೀ ಹಾಳೆಯೇ ಸರಿಯುತ್ತಿದ್ದರೆ ಸ್ಕ್ರೋಲ್ ಲಾಕ್ ಆನ್ ಆಗಿದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಕೀಯೇ ಇಲ್ಲದಿದ್ದರೆ ವಿಂಡೋಸ್‌ನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಅದರಲ್ಲಿ ಒತ್ತಿ. ವರ್ಡ್‌ನಲ್ಲಿ ಹೊಸ ಅಕ್ಷರ ಹಳೆಯದನ್ನು ತಿನ್ನುತ್ತಾ ಹೋದರೆ ಫೈಲ್ → ಆಪ್ಷನ್ಸ್ → ಅಡ್ವಾನ್ಸ್ಡ್‌ನಲ್ಲಿ ಓವರ್‌ಟೈಪ್ ಬಗ್ಗೆ ಇರುವ ಎರಡೂ ಟಿಕ್ ತೆಗೆಯಿರಿ. ಆದರೆ ಇನ್ಸರ್ಟ್ ಕೀಯ ಕಾಟ ವರ್ಡ್‌ನಾಚೆಯೂ ಇರುತ್ತದೆ. ಡಿಲೀಟ್ ಒತ್ತಲು ಹೋಗಿ ಇನ್ಸರ್ಟ್ ಒತ್ತುವವರು ಅದನ್ನು ಮುಂದಿನ ವಿಧಾನಗಳಿಂದ ಬೇರುಸಹಿತ ತೆಗೆಯುವುದೇ ಒಳ್ಳೆಯದು. ನಾನು ಹಾಗೆ ಮಾಡಿ ವರ್ಷಗಳಾದವು, ಒಂದು ದಿನವೂ ಅದರ ನೆನಪಾಗಿಲ್ಲ.

ವಿಂಡೋಸ್: ಪವರ್‌ಟಾಯ್ಸ್‌ನಿಂದ ಶುರು ಮಾಡಿ

ಪವರ್‌ಟಾಯ್ಸ್ ಮೈಕ್ರೋಸಾಫ್ಟ್‌ನದೇ ಉಚಿತ ತಂತ್ರಾಂಶ, ಮುಕ್ತ ಆಕರದ್ದು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುತ್ತದೆ. ಅದರೊಳಗಿನ ಕೀಬೋರ್ಡ್ ಮ್ಯಾನೇಜರ್ ಎಂಬ ಉಪಕರಣ ನಮಗೆ ಬೇಕಾದದ್ದು. ಬಟನ್‌ಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ಕೊಂಚ ಬದಲಾಗಬಹುದು, ಕ್ರಮ ಇದೇ.

1. ಪವರ್‌ಟಾಯ್ಸ್ ಸೆಟ್ಟಿಂಗ್ಸ್ ತೆರೆದು ಎಡಗಡೆಯ ಪಟ್ಟಿಯಲ್ಲಿ ಕೀಬೋರ್ಡ್ ಮ್ಯಾನೇಜರ್ ಒತ್ತಿ, ಅದನ್ನು ಆನ್ ಮಾಡಿ.
2. ರೀಮ್ಯಾಪ್ ಎ ಕೀ ಎಂಬುದನ್ನು ತೆರೆದು ಹೊಸ ಸಾಲೊಂದನ್ನು ಸೇರಿಸಿ.
3. ಎಡಗಡೆ ನೀವು ಕೈಯಿಂದ ಒತ್ತುವ ಕೀ. ಪಟ್ಟಿಯಲ್ಲಿ ಹುಡುಕುವ ಬದಲು ಸೆಲೆಕ್ಟ್ ಒತ್ತಿ, ಆ ಕೀಯನ್ನೇ ಒಮ್ಮೆ ಒತ್ತಿಬಿಡಿ. ಹೆಸರಿನ ಗೊಂದಲ ಇರುವುದಿಲ್ಲ.
4. ಬಲಗಡೆ ಅದು ಏನಾಗಬೇಕು ಎಂಬುದು. ಇನ್ನೊಂದು ಕೀ ಆಗಬೇಕಿದ್ದರೆ ಅದನ್ನು ಆರಿಸಿ. ಸುಮ್ಮನಿರಬೇಕಿದ್ದರೆ ಪಟ್ಟಿಯಿಂದ ಡಿಸೇಬಲ್ ಆರಿಸಿ.
5. ಓಕೆ ಒತ್ತಿ. ಮರುಕ್ಷಣವೇ ಜಾರಿಗೆ ಬರುತ್ತದೆ, ರೀಸ್ಟಾರ್ಟ್ ಬೇಡ.

ಓಕೆ ಒತ್ತಿದಾಗ ಕೆಲವೊಮ್ಮೆ ಒಂದು ಎಚ್ಚರಿಕೆ ಬರುತ್ತದೆ. ಕ್ಯಾಪ್ಸ್ ಲಾಕ್ ಅನ್ನು ಕಂಟ್ರೋಲ್ ಮಾಡಿದಿರಿ ಎನ್ನಿ. ಈಗ ಕೀಬೋರ್ಡಿನಲ್ಲಿ ಕಂಟ್ರೋಲ್ ಎರಡಾಯಿತು, ಕ್ಯಾಪ್ಸ್ ಲಾಕ್ ಎಲ್ಲಿಯೂ ಇಲ್ಲದಾಯಿತು. ಹೀಗೆ ದಿಕ್ಕಿಲ್ಲದಂತಾದ ಕೀಗಳ ಹೆಸರನ್ನು ತೋರಿಸಿ, ಹೀಗೇ ಇರಲೇ ಎಂದು ಕೇಳುತ್ತದೆ. ಬೇಡದ ಕೀಯನ್ನೇ ತೆಗೆಯುತ್ತಿದ್ದೀರಿ ಎಂದಾದರೆ ಧೈರ್ಯವಾಗಿ ಮುಂದುವರಿಯಿರಿ.

ಒಂಟಿ ಕೀಗಳಿಗಷ್ಟೇ ಅಲ್ಲ, ಕೀಗಳ ಜೋಡಿಗೂ ಇಲ್ಲಿ ದಾರಿಯಿದೆ. ಅದಕ್ಕೆ ರೀಮ್ಯಾಪ್ ಎ ಶಾರ್ಟ್‌ಕಟ್ ವಿಭಾಗ. ಬೇಕಿದ್ದರೆ ಒಂದು ನಿರ್ದಿಷ್ಟ ತಂತ್ರಾಂಶದೊಳಗೆ ಮಾತ್ರ ಜಾರಿಯಲ್ಲಿರುವಂತೆಯೂ ಮಾಡಬಹುದು. ಬ್ರೌಸರಿನಲ್ಲಿ ಒಂದು ಟ್ಯಾಬ್ ಮುಚ್ಚಲು ಕಂಟ್ರೋಲ್ ಮತ್ತು ಡಬ್ಲ್ಯೂ ಒತ್ತಲು ಹೋಗಿ ಪಕ್ಕದ ಶಿಫ್ಟ್ ಕೂಡ ತಾಗಿ ಇಡೀ ಕಿಟಕಿಯೇ ಮುಚ್ಚಿಹೋಗುವ ಸಂಕಟ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು. ಆ ಮೂರರ ಕೂಟವನ್ನು ಆ ಬ್ರೌಸರಿಗೆ ಮಾತ್ರ ಆಫ್ ಮಾಡಿ, ಬೇರೆಡೆ ಹಾಗೆಯೇ ಬಿಡಬಹುದು.

ಇದರ ಮಿತಿಗಳೂ ಇವೆ. ಪಾಸ್‌ವರ್ಡ್ ಪರದೆಯಲ್ಲಿ ಕೆಲಸ ಮಾಡುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಿಟಕಿಗಳಲ್ಲಿ ಕೆಲಸ ಮಾಡಬೇಕಾದರೆ ಪವರ್‌ಟಾಯ್ಸ್ ಕೂಡ ಅಡ್ಮಿನಿಸ್ಟ್ರೇಟರ್ ಆಗಿಯೇ ಓಡುತ್ತಿರಬೇಕು. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರರ ಕೂಟವನ್ನೂ, ಪರದೆಗೆ ಬೀಗ ಹಾಕುವ ವಿಂಡೋಸ್ ಮತ್ತು ಎಲ್ ಜೋಡಿಯನ್ನೂ ಮುಟ್ಟಲಾಗದು. ಅವನ್ನು ವಿಂಡೋಸ್ ತನಗಾಗಿಯೇ ಕಾಯ್ದಿಟ್ಟುಕೊಂಡಿದೆ.

ವಿಂಡೋಸ್: ರಿಜಿಸ್ಟ್ರಿಯ ದಾರಿ

ಕೊನೆಗೆ 6 ತೆಪ್ಪಗಾದದ್ದು ಇಲ್ಲಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗವೇ ರಿಜಿಸ್ಟ್ರಿ. ವಿಂಡೋಸ್‌ನ ಕೀಬೋರ್ಡ್ ಡ್ರೈವರ್ ಶುರುವಾಗುವಾಗ ರಿಜಿಸ್ಟ್ರಿಯಲ್ಲಿ ಸ್ಕ್ಯಾನ್‌ಕೋಡ್ ಮ್ಯಾಪ್ ಎಂಬ ಒಂದು ನಕ್ಷೆ ಇದೆಯೇ ಎಂದು ನೋಡುತ್ತದೆ. ಇದ್ದರೆ, ಯಾವ ಸಂಖ್ಯೆ ಬಂದಾಗ ಯಾವುದನ್ನು ಮುಂದೆ ಕಳಿಸಬೇಕು ಎಂದು ಅದರಿಂದ ತಿಳಿದುಕೊಳ್ಳುತ್ತದೆ. ಈ ವ್ಯವಸ್ಥೆ ವಿಂಡೋಸ್ 2000ದ ಕಾಲದಿಂದ ಇದೆ. ಹಿನ್ನೆಲೆಯಲ್ಲಿ ಏನೂ ಓಡಬೇಕಾಗಿಲ್ಲ.

ಕೈಯಿಂದ ಬರೆಯಲು ಇಷ್ಟವಿಲ್ಲದವರಿಗೆ ಶಾರ್ಪ್‌ಕೀಸ್ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಆ್ಯಡ್ ಒತ್ತಿ, ಎಡಗಡೆ ಟೈಪ್ ಕೀ ಮೂಲಕ ಬೇಡದ ಕೀ ಒತ್ತಿ ತೋರಿಸಿ, ಬಲಗಡೆಯ ಪಟ್ಟಿಯಲ್ಲಿ ಟರ್ನ್ ಕೀ ಆಫ್ ಆರಿಸಿ, ರೈಟ್ ಟು ರಿಜಿಸ್ಟ್ರಿ ಒತ್ತಿ, ರೀಸ್ಟಾರ್ಟ್ ಮಾಡಿ. ಬಹಳ ಜನರಿಗೆ ಇಷ್ಟು ಸಾಕು. ಆದರೆ ಅದು ಒಳಗೆ ಏನು ಬರೆಯುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿದರೆ ಮುಂದೆ ಏನಾದರೂ ಎಡವಟ್ಟಾದಾಗ ಗಾಬರಿಯಾಗುವುದಿಲ್ಲ. ಹಾಗಾಗಿ ಕೈಯಿಂದ ಮಾಡುವ ವಿಧಾನವನ್ನೂ ಹೇಳಿಬಿಡುತ್ತೇನೆ.

ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆಯಲ್ಲಿ ಸ್ಟಾರ್ಟ್ ಮೆನುವಿನಿಂದ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ಎಚ್‌ಕೀ ಲೋಕಲ್ ಮಷೀನ್ → ಸಿಸ್ಟಮ್ → ಕರೆಂಟ್ ಕಂಟ್ರೋಲ್ ಸೆಟ್ → ಕಂಟ್ರೋಲ್ → ಕೀಬೋರ್ಡ್ ಲೇಔಟ್‌ಗೆ ಹೋಗಿ. ಇಲ್ಲೊಂದು ಎಚ್ಚರ: ಅದರ ಪಕ್ಕದಲ್ಲೇ ಕೀಬೋರ್ಡ್ ಲೇಔಟ್ಸ್ ಎಂಬ ಬಹುವಚನದ ಫೋಲ್ಡರೂ ಇದೆ. ನಮಗೆ ಬೇಕಾದದ್ದು ಏಕವಚನದ್ದು. ಬದಲಿಸುವ ಮೊದಲು ಆ ಫೋಲ್ಡರನ್ನು ಫೈಲ್ → ಎಕ್ಸ್‌ಪೋರ್ಟ್ ಮೂಲಕ ಉಳಿಸಿಕೊಳ್ಳಿ.

ಬಲಗಡೆಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ನ್ಯೂ → ಬೈನರಿ ವ್ಯಾಲ್ಯೂ ಆರಿಸಿ. ಹೆಸರು ಸ್ಕ್ಯಾನ್‌ಕೋಡ್ ಮ್ಯಾಪ್. ಇಂಗ್ಲಿಷಿನಲ್ಲಿ ಬರೆಯುವಾಗ ಸ್ಕ್ಯಾನ್ ಮತ್ತು ಕೋಡ್ ಕೂಡಿಸಿ ಒಂದೇ ಪದ, ಆಮೇಲೆ ಒಂದೇ ಒಂದು ಜಾಗ ಬಿಟ್ಟು ಮ್ಯಾಪ್. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ವಿಂಡೋಸ್ ಅದರತ್ತ ಕಣ್ಣೆತ್ತಿ ನೋಡುವುದಿಲ್ಲ. ಈಗ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಈ ಸಂಖ್ಯೆಗಳನ್ನು ಕ್ರಮವಾಗಿ ಟೈಪಿಸಿ:

00 00 00 00
00 00 00 00
02 00 00 00
00 00 07 00
00 00 00 00

ಒಟ್ಟು 20 ಜೋಡಿ. ಎಡಿಟರ್ ಒಂದು ಸಾಲಿಗೆ ಎಂಟೆಂಟು ಜೋಡಿ ತೋರಿಸುವುದರಿಂದ ನೋಡಲು ಬೇರೆ ಥರ ಕಾಣುತ್ತದೆ, ಕ್ರಮ ಇದೇ ಇದ್ದರೆ ಸರಿ. ಮೊದಲ ಎರಡು ಸಾಲು ಸದಾ ಸೊನ್ನೆ. ಮೂರನೆಯ ಸಾಲಿನ 02 ಎಣಿಕೆ: ಬದಲಾಯಿಸುವ ಕೀ ಒಂದು, ಮುಕ್ತಾಯದ ಸಾಲು ಒಂದು, ಕೂಡಿದರೆ ಎರಡು. ನಾಲ್ಕನೆಯ ಸಾಲೇ ಮುಖ್ಯ. ಅದರ ಬಲ ಅರ್ಧದಲ್ಲಿರುವ 07 00 ಎಂದರೆ ನಾವು ಒತ್ತುವ ಕೀ, ಅಂದರೆ ಅಕ್ಷರಗಳ ಮೇಲಿನ ಸಾಲಿನ 6. ಎಡ ಅರ್ಧದ 00 00 ಎಂದರೆ ಅದರ ಬದಲು ಹೋಗಬೇಕಾದದ್ದು, ಅಂದರೆ ಏನೂ ಇಲ್ಲ. ಕೊನೆಯ ಸಾಲು ಮುಕ್ತಾಯ.

ಎಲ್ಲರೂ ಎಡವುವುದು ಎರಡು ಕಡೆ. ಒಂದು, ಹೊಸದು ಮೊದಲು, ಹಳೆಯದು ಆಮೇಲೆ. ನಾವು ಯೋಚಿಸುವ ಕ್ರಮಕ್ಕೆ ತಿರುಗುಮುರುಗು. ಇನ್ನೊಂದು, ಪ್ರತಿ ಅರ್ಧದೊಳಗಿನ ಎರಡು ಜೋಡಿಗಳೂ ತಿರುಗಿಸಿ ಬರೆದವು. ಇನ್ಸರ್ಟ್‌ನ ಸ್ಕ್ಯಾನ್‌ಕೋಡ್ ಇ0 52. ನಕ್ಷೆಯಲ್ಲಿ ಅದನ್ನು 52 ಇ0 ಎಂದು ಬರೆಯಬೇಕು. ಇಲ್ಲಿ ಇ, ಎ, ಡಿ ಎಂದು ಬಂದಿರುವುದನ್ನೆಲ್ಲ ಎಡಿಟರಿನಲ್ಲಿ ಇಂಗ್ಲಿಷ್ ಅಕ್ಷರಗಳಾಗಿಯೇ ಟೈಪಿಸಿ.

ಇನ್ನು ಕೆಲವು ಸಾಮಾನ್ಯ ಕೀಗಳು: ಎಸ್ಕೇಪ್ 01, ಎಡ ಕಂಟ್ರೋಲ್ 1ಡಿ, ಎಡ ಶಿಫ್ಟ್ 2ಎ, ಕ್ಯಾಪ್ಸ್ ಲಾಕ್ 3ಎ, ಸ್ಕ್ರೋಲ್ ಲಾಕ್ 46. 6ರ ಜೊತೆಗೆ ಕ್ಯಾಪ್ಸ್ ಲಾಕ್ ಅನ್ನು ಕಂಟ್ರೋಲ್ ಮಾಡಬೇಕಿದ್ದರೆ 1ಡಿ 00 3ಎ 00 ಎಂಬ ಇನ್ನೊಂದು ಸಾಲನ್ನು ಮುಕ್ತಾಯದ ಸಾಲಿಗೆ ಮೊದಲು ಸೇರಿಸಿ, ಎಣಿಕೆಯನ್ನು 03 ಮಾಡಿ.

ಓಕೆ ಒತ್ತಿ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ ಆಗಬೇಕು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚದೆ ನಿದ್ದೆಗೆ ಜಾರುತ್ತದೆ, ಹೊಸ ನಕ್ಷೆಯನ್ನು ಓದದೇ ಇರಬಹುದು. ಹಿಂದಿನಂತೆ ಆಗಬೇಕಿದ್ದರೆ ಆ ವ್ಯಾಲ್ಯೂ ಅಳಿಸಿ ಮತ್ತೆ ರೀಸ್ಟಾರ್ಟ್ ಮಾಡಿದರಾಯಿತು.

ಈ ನಕ್ಷೆಗೆ ಕೀಬೋರ್ಡುಗಳ ನಡುವೆ ಭೇದವಿಲ್ಲ. ಲ್ಯಾಪ್‌ಟಾಪಿನ 6 ಸತ್ತಾಗ ಯುಎಸ್‌ಬಿಯಲ್ಲಿ ಚುಚ್ಚಿದ ದೊಡ್ಡ ಕೀಬೋರ್ಡಿನ 6 ಕೂಡ ಸತ್ತಿತ್ತು. ನನ್ನ ಪುಣ್ಯಕ್ಕೆ ಬಲಬದಿಯ ನಂಬರ್ ಪ್ಯಾಡಿನ 6ಕ್ಕೆ ಬೇರೆಯದೇ ಸ್ಕ್ಯಾನ್‌ಕೋಡ್ ಇದೆ, ಅದು ಬದುಕುಳಿಯಿತು. ಪಾಸ್‌ವರ್ಡಿನಲ್ಲಿರುವ ಕೀಯನ್ನು ಆಫ್ ಮಾಡುವ ಮೊದಲು ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಕೋಪೈಲಟ್ ಕೀ ಎಂಬ ಹೊಸ ಅತಿಥಿ

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಕೀಬೋರ್ಡಿಗೆ ಕೋಪೈಲಟ್ ಕೀ ಘೋಷಿಸಿತು. ಅನೇಕ ಲ್ಯಾಪ್‌ಟಾಪುಗಳಲ್ಲಿ ಅದು ಬಲಗಡೆಯ ಕಂಟ್ರೋಲ್ ಅಥವಾ ಮೆನು ಕೀಯ ಜಾಗದಲ್ಲಿ ಬಂದು ಕೂತಿದೆ. ಇದು ನಿಜವಾಗಿ ಒಂದು ಕೀ ಅಲ್ಲ. ಒತ್ತಿದಾಗ ಎಡ ವಿಂಡೋಸ್, ಎಡ ಶಿಫ್ಟ್, ಎಫ್23 ಮೂರೂ ಒಟ್ಟಿಗೆ ಹೋಗುತ್ತವೆ. ಹಳೆಯ ದೊಡ್ಡ ಟರ್ಮಿನಲ್ ಕೀಬೋರ್ಡುಗಳಲ್ಲಿ ಎಫ್24ರವರೆಗೂ ಕೀಗಳಿದ್ದವು, ಆ ಸಂಖ್ಯೆಗಳು ಇಂದಿಗೂ ಉಳಿದುಕೊಂಡಿವೆ. ಹಾಗಾಗಿ ಇದನ್ನು ಪವರ್‌ಟಾಯ್ಸ್‌ನಲ್ಲಿ ಹಿಡಿಯಬೇಕಾದರೆ ಒಂಟಿ ಕೀ ವಿಭಾಗಕ್ಕೆ ಹೋಗಬೇಡಿ, ಶಾರ್ಟ್‌ಕಟ್ ವಿಭಾಗಕ್ಕೆ ಹೋಗಿ. ಅಷ್ಟು ಬೇಡವೆಂದರೆ ವಿಂಡೋಸ್ 11ರ ಸೆಟ್ಟಿಂಗ್ಸ್ → ಪರ್ಸನಲೈಸೇಷನ್ → ಟೆಕ್ಸ್ಟ್ ಇನ್‌ಪುಟ್‌ನಲ್ಲಿ ಆ ಕೀ ಏನು ತೆರೆಯಬೇಕು ಎಂದು ಬದಲಿಸಬಹುದು. ಅಲ್ಲಿರುವ ಆಯ್ಕೆಗಳು ಬೆರಳೆಣಿಕೆಯವು.

ಮ್ಯಾಕ್

ಮ್ಯಾಕ್ ಬಳಸುವವರ ಕೆಲಸ ಸುಲಭ. ಸಿಸ್ಟಮ್ ಸೆಟ್ಟಿಂಗ್ಸ್ → ಕೀಬೋರ್ಡ್ → ಕೀಬೋರ್ಡ್ ಶಾರ್ಟ್‌ಕಟ್ಸ್ → ಮಾಡಿಫೈಯರ್ ಕೀಸ್‌ಗೆ ಹೋಗಿ. ಮೇಲಿನ ಪಟ್ಟಿಯಿಂದ ಮೊದಲು ಕೀಬೋರ್ಡ್ ಆರಿಸಿ. ಇಲ್ಲಿ ಪ್ರತಿ ಕೀಬೋರ್ಡಿಗೂ ಬೇರೆ ಬೇರೆ ಲೆಕ್ಕ. ಕ್ಯಾಪ್ಸ್ ಲಾಕ್, ಕಂಟ್ರೋಲ್, ಆಪ್ಷನ್, ಕಮಾಂಡ್, ಗ್ಲೋಬ್ ಇವುಗಳಲ್ಲಿ ಯಾವುದನ್ನು ಬೇಕಾದರೂ ಇನ್ನೊಂದಾಗಿಸಬಹುದು, ನೋ ಆ್ಯಕ್ಷನ್ ಆರಿಸಿದರೆ ಸುಮ್ಮನಾಗಿಸಬಹುದು. ವಿಂಡೋಸ್ ಕೀಬೋರ್ಡನ್ನು ಮ್ಯಾಕ್‌ಗೆ ಜೋಡಿಸಿದವರು ಆಪ್ಷನ್ ಮತ್ತು ಕಮಾಂಡ್ ಅದಲುಬದಲು ಮಾಡಿಕೊಳ್ಳುವುದು ಇಲ್ಲಿಯೇ.

ಉಳಿದ ಕೀಗಳಿಗೆ ಕ್ಯಾರಬೀನರ್ ಎಲಿಮೆಂಟ್ಸ್ ಬೇಕು. ಉಚಿತ. ಹಾಕಿದ ಮೇಲೆ ಮ್ಯಾಕ್ ಕೇಳುವ ಅನುಮತಿಗಳನ್ನೆಲ್ಲ ಕೊಡದಿದ್ದರೆ ಏನೂ ಆಗುವುದಿಲ್ಲ. ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ಮೊದಲು ಅವನ್ನು ನೋಡಿ. ಸಿಂಪಲ್ ಮಾಡಿಫಿಕೇಷನ್ಸ್‌ನಲ್ಲಿ ಒಂದೇ ಕೀಬೋರ್ಡನ್ನು ಆರಿಸಿಕೊಂಡು ಅದರ ಒಂದೇ ಕೀಯನ್ನು ಬದಲಿಸಬಹುದು. ನನ್ನ 6ರಂಥ ಕಾಯಿಲೆ ಮ್ಯಾಕ್‌ಬುಕ್‌ಗೆ ಬಂದರೆ ಒಳಗಿನ ಕೀಬೋರ್ಡಿನ ಕೀ ಮಾತ್ರ ಕೊಂದು, ಹೊರಗಿನದನ್ನು ಉಳಿಸಿಕೊಳ್ಳಬಹುದು.

ಲಿನಕ್ಸ್

ಗ್ನೋಮ್ ಡೆಸ್ಕ್‌ಟಾಪ್ ಬಳಸುವವರು ಟ್ವೀಕ್ಸ್ ತಂತ್ರಾಂಶ ಹಾಕಿಕೊಂಡು ಅದರ ಕೀಬೋರ್ಡ್ ವಿಭಾಗದಲ್ಲಿ ಅಡಿಷನಲ್ ಲೇಔಟ್ ಆಪ್ಷನ್ಸ್ ತೆರೆಯಿರಿ. ಕ್ಯಾಪ್ಸ್ ಲಾಕ್ ಏನಾಗಬೇಕು ಎಂಬುದಕ್ಕೇ ಅಲ್ಲಿ ಉದ್ದನೆಯ ಪಟ್ಟಿಯಿದೆ. ಕೆಡಿಇಯಲ್ಲಿ ಇದೇ ಪಟ್ಟಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಸಿಗುತ್ತದೆ.

ಹಳೆಯ ಲೇಖನಗಳು ಎಕ್ಸ್‌ಮಾಡ್‌ಮ್ಯಾಪ್ ಬಳಸಿ ಎನ್ನುತ್ತವೆ. ಅದು ಎಕ್ಸ್11 ಎಂಬ ಹಳೆಯ ಪರದೆ ವ್ಯವಸ್ಥೆಯ ಕಾಲದ್ದು. ನಿಮ್ಮದು ಅದರ ಬದಲು ಬಂದ ವೇಲ್ಯಾಂಡ್ ಸೆಷನ್ ಆಗಿದ್ದರೆ ಅದರ ಗೋಜಿಗೇ, ಅಂದರೆ ಎಕ್ಸ್‌ಮಾಡ್‌ಮ್ಯಾಪ್‌ನ ಗೋಜಿಗೇ, ಹೋಗಬೇಡಿ. ಅದರ ಬದಲು ಕೀಡಿ ಎಂಬ ಸೇವೆ ಹಾಕಿಕೊಳ್ಳಿ. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದ ಬರುವ ಸಂಕೇತವನ್ನೇ ಹಿಡಿಯುವುದರಿಂದ ಎಕ್ಸ್11, ವೇಲ್ಯಾಂಡ್, ಬರೀ ಕಪ್ಪು ಟರ್ಮಿನಲ್ ಎಲ್ಲ ಕಡೆಯೂ ನಡೆಯುತ್ತದೆ. ಕ್ಯಾಪ್ಸ್ ಲಾಕ್ ಅನ್ನು ತಟ್ಟಿದರೆ ಎಸ್ಕೇಪ್, ಹಿಡಿದರೆ ಕಂಟ್ರೋಲ್ ಆಗುವಂತೆ ಮಾಡುವುದೂ ಒಂದೇ ಸಾಲಿನ ಕೆಲಸ. ತಪ್ಪು ಬರೆದು ಕೀಬೋರ್ಡೇ ಕೈಕೊಟ್ಟರೆ ಬ್ಯಾಕ್‌ಸ್ಪೇಸ್, ಎಸ್ಕೇಪ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ, ಕೀಡಿ ನಿಂತುಹೋಗುತ್ತದೆ. ಈ ಮೂರು ಹೆಸರನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಶುರು ಮಾಡಿ. ಕಿಟಕಿ, ಬಟನ್‌ಗಳಲ್ಲೇ ಮಾಡಬೇಕು ಎನ್ನುವವರಿಗೆ ಇನ್‌ಪುಟ್ ರೀಮ್ಯಾಪರ್ ಇದೆ.

ಕೀಬೋರ್ಡಿನೊಳಗೇ ಬದಲಿಸುವುದು, ಮತ್ತು ಎಫ್‌ಎನ್

ನಿಮ್ಮ ಮೆಕ್ಯಾನಿಕಲ್ ಕೀಬೋರ್ಡ್ ವಯಾ ತಂತ್ರಾಂಶಕ್ಕೆ ಹೊಂದುವಂಥದ್ದಾದರೆ ಇಲ್ಲಿಯವರೆಗಿನ ಯಾವುದೂ ಬೇಡ. ವಯಾ ತೆರೆದರೆ ನಿಮ್ಮ ಕೀಬೋರ್ಡಿನ ಚಿತ್ರ ಕಾಣುತ್ತದೆ. ಆ ಚಿತ್ರದಲ್ಲಿ ಬೇಡದ ಕೀಯ ಮೇಲೆ ಕ್ಲಿಕ್ ಮಾಡಿ, ಕೆಳಗಿನ ಪಟ್ಟಿಯಿಂದ ಖಾಲಿ ಕೀ ಆರಿಸಿ. ಖಾಲಿ ಕೀಯ ಜೊತೆಗೇ ಕೆಳಮುಖ ತ್ರಿಕೋನದ ಗುರುತಿನ ಇನ್ನೊಂದು ಇರುತ್ತದೆ. ಅದು ಆಫ್ ಅಲ್ಲ. ಇಂಥ ಕೀಬೋರ್ಡಿನಲ್ಲಿ ಒಂದೇ ಕೀಗೆ ಪದರ ಪದರವಾಗಿ ಬೇರೆ ಬೇರೆ ಕೆಲಸ ಕೊಡಬಹುದು; ಕೆಳಗಿನ ಪದರದಲ್ಲಿ ಏನಿದೆಯೋ ಅದನ್ನೇ ಕೊಡು ಎಂದರ್ಥ. ಬದಲಾವಣೆ ಕೀಬೋರ್ಡಿನ ನೆನಪಿನಲ್ಲೇ ಉಳಿಯುತ್ತದೆ.

ಲ್ಯಾಪ್‌ಟಾಪಿನ ಎಫ್‌ಎನ್ ಕೀ ಮಾತ್ರ ಹಟಮಾರಿ. ಸಾಮಾನ್ಯವಾಗಿ ಅದರ ಸಂಕೇತ ಆಪರೇಟಿಂಗ್ ಸಿಸ್ಟಮ್‌ಗೆ ಬರುವುದೇ ಇಲ್ಲ, ಲ್ಯಾಪ್‌ಟಾಪಿನ ಒಳಗಿನ ಚಿಪ್ ನಡುವೆಯೇ ನುಂಗಿಬಿಡುತ್ತದೆ. ಹಾಗಾಗಿ ಪವರ್‌ಟಾಯ್ಸ್, ರಿಜಿಸ್ಟ್ರಿ ಯಾವುದಕ್ಕೂ ಅದು ಸಿಗದು. ದಾರಿ ಇದ್ದರೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಲ್ಯಾಪ್‌ಟಾಪಿನ ಸ್ವಂತ ಸೆಟ್ಟಿಂಗ್‌ಗಳಲ್ಲಿ. ಥಿಂಕ್‌ಪ್ಯಾಡ್‌ನಂಥ ಲ್ಯಾಪ್‌ಟಾಪುಗಳ ಬಯೋಸ್‌ನಲ್ಲಿ ಎಫ್‌ಎನ್ ಮತ್ತು ಕಂಟ್ರೋಲ್ ಅದಲುಬದಲು ಮಾಡುವ ಆಯ್ಕೆಯೇ ಇದೆ. ಮೇಲಿನ ಸಾಲಿನ ಎಫ್1, ಎಫ್2 ಕೀಗಳು ಧ್ವನಿ, ಬೆಳಕು ಬದಲಿಸುವುದು ಬೇಡವೆಂದರೂ ಮೊದಲು ಬಯೋಸ್ ನೋಡಿ.

ಕ್ಯಾಪ್ಸ್ ಲಾಕ್ ಏನಾಗಬೇಕು?

ನನ್ನನ್ನು ಕೇಳಿದರೆ ಕಂಟ್ರೋಲ್. ಐಬಿಎಂನ ಮೊದಲ ಪಿಸಿಗಳ ಕೀಬೋರ್ಡಿನಲ್ಲಿ ಎ ಅಕ್ಷರದ ಪಕ್ಕ ಇದ್ದದ್ದೂ ಕಂಟ್ರೋಲೇ. 1980ರ ದಶಕದ ನಡುವೆ ಬಂದ 101 ಕೀಗಳ ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಆ ಜಾಗಕ್ಕೆ ಬಂತು, ಕಂಟ್ರೋಲ್ ಮೂಲೆಗೆ ಸರಿಯಿತು. ಕಿರುಬೆರಳು ಇಂದಿಗೂ ಅದರ ದಂಡ ತೆರುತ್ತಿದೆ. ಕೋಡ್ ಬರೆಯುವವರಲ್ಲಿ ಎಸ್ಕೇಪ್ ಪಕ್ಷದವರೂ ಬಹಳ ಇದ್ದಾರೆ, ಅವರೊಂದಿಗೆ ನನಗೆ ಜಗಳವಿಲ್ಲ. ಏನೇ ಮಾಡಿ, ಒಂದು ಸಲಕ್ಕೆ ಒಂದೇ ಕೀ ಬದಲಿಸಿ, ವಾರ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿ. ಒಟ್ಟಿಗೆ ಐದು ಬದಲಿಸಿದರೆ ಬೆರಳು ಯಾವುದನ್ನೂ ಕಲಿಯುವುದಿಲ್ಲ.

ಬಲಗಡೆಯ ಆಲ್ಟ್ ಕೀಯನ್ನು ಮುಟ್ಟುವ ಮೊದಲು ಮಾತ್ರ ಯೋಚಿಸಿ. ಎಷ್ಟೋ ಭಾಷೆಗಳ ಲೇಔಟ್‌ಗಳಲ್ಲಿ ಹೆಚ್ಚುವರಿ ಅಕ್ಷರಗಳು ಬರುವುದು ಅದನ್ನು ಹಿಡಿದಾಗಲೇ. ನೀವು ಬಳಸುವ ಎಲ್ಲ ಲೇಔಟ್‌ಗಳಲ್ಲೂ ಅದನ್ನು ಒತ್ತಿ ನೋಡಿ, ಏನೂ ಬಾರದಿದ್ದರೆ ಆಮೇಲೆ ಬದಲಿಸಿ.

ಏನು ಬದಲಿಸಿದಿರಿ, ಎಲ್ಲಿ ಬದಲಿಸಿದಿರಿ ಎಂದು ಡೆಸ್ಕ್‌ಟಾಪಿನ ಮೇಲೊಂದು ಟೆಕ್ಸ್ಟ್ ಫೈಲಿನಲ್ಲಿ ತಾರೀಖಿನ ಸಮೇತ ಬರೆದಿಡಿ. ನಾನು ಬರೆದಿಟ್ಟಿರಲಿಲ್ಲ. ಆರೇಳು ತಿಂಗಳಾದ ಮೇಲೆ ಆ ಲ್ಯಾಪ್‌ಟಾಪಿಗೆ ಹೊಸ ಕೀಬೋರ್ಡ್ ಹಾಕಿಸಿದೆ. ಮನೆಗೆ ತಂದು ಒಂದೊಂದೇ ಕೀ ಒತ್ತಿ ಪರೀಕ್ಷಿಸುತ್ತಾ ಬಂದೆ. 1, 2, 3, 4, 5 ಎಲ್ಲ ಸರಿ. 6 ಒತ್ತಿದರೆ ಏನೂ ಇಲ್ಲ. ಕೆಟ್ಟ ಮಾಲು ಹಾಕಿದ್ದಾರೆ ಎಂದು ಸಿಟ್ಟಿನಿಂದ ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿ ಬಾಗಿಲವರೆಗೆ ಹೋದವನಿಗೆ, ಚಪ್ಪಲಿ ಮೆಟ್ಟುವಾಗ ರಿಜಿಸ್ಟ್ರಿ ನೆನಪಾಯಿತು.